ಅವಳ ಸರದಿಯ ಪ್ರಾರ್ಥನೆ

ಬಾಗಿಲಲ್ಲಿ ಚಪ್ಪಲಿ ಬಿಡುವಾಗಲೇ ಅವನು ಪಿಸುಗುಟ್ಟಿದ. "ಇವತ್ತು ಪ್ರಾರ್ಥನೆ ಮುಗಿದ ಮೇಲೆ ಅಮ್ಮನಿಗೆ ನಮ್ಮ ವಿಷಯ ಹೇಳಿಬಿಡ್ತೀನಿ."

"ಇವತ್ತೇ ಯಾಕೆ?"

"ಅಮ್ಮನಿಗೆ ನಿಮ್ಮ ಪ್ರಾರ್ಥನೆ ಅಂದ್ರೆ ಪ್ರಾಣ. ಮೂಡ್ ಚೆನ್ನಾಗಿರುತ್ತೆ." ಅವನ ಕಣ್ಣಲ್ಲಿ ತುಂಟತನ. "ನನಗೂ ಅಷ್ಟೇ. ನಿಮ್ಮ ಸರದಿ ಬಂದಾಗ ನಾನು ಕಣ್ಣು ಮುಚ್ಚೋದೇ ಇಲ್ಲ."

ಊರಿನ ಲಿಫ್ಟುಗಳನ್ನೆಲ್ಲ ರಿಪೇರಿ ಮಾಡುವವನು. ಅವಳ ಎದೆ ಎರಡು ಮಹಡಿಗಳ ನಡುವೆ ಸಿಕ್ಕಿಕೊಂಡದ್ದು ಮಾತ್ರ ಅವನಿಗೆ ತಿಳಿಯಲಿಲ್ಲ.

ಆ ಪ್ರಾರ್ಥನೆಗಳಲ್ಲಿ ಒಂದೂ ಅವಳದಲ್ಲ. ತನ್ನ ಅಮ್ಮನ ಆಸ್ಪತ್ರೆ ಮಂಚದ ಪಕ್ಕ ನಲವತ್ತು ದಿನ ಮೊಣಕಾಲೂರಿದ್ದಳು. ಅಮ್ಮ ಉಳಿಯಲಿಲ್ಲ. ಆಮೇಲೆ ದೇವರ ಹತ್ತಿರ ಮಾತು ಬಿಟ್ಟಳು. ಕನ್ನಡಕದಂಗಡಿಯಲ್ಲಿ ಜೊತೆಗೆ ಕೆಲಸ ಮಾಡುವ ಗುಬ್ಬಿ, ಅಂದರೆ ಇವನ ತಂಗಿ, ಒಂಟಿಯಾಗಿ ಕೊರಗಬೇಡವೆಂದು ಬುಧವಾರದ ಮನೆಪ್ರಾರ್ಥನೆಗೆ ಎಳೆದು ತಂದಿದ್ದಳು. ಈ ಮನೆಯಲ್ಲಿ ಸುತ್ತ ಕೂತು ಒಬ್ಬೊಬ್ಬರೂ ಗಟ್ಟಿಯಾಗಿ ಪ್ರಾರ್ಥಿಸಬೇಕು, ಯಾರಿಗೂ ರಿಯಾಯಿತಿಯಿಲ್ಲ. ಗುಬ್ಬಿಯೇ ಅಂಗಡಿಯಲ್ಲಿ ಕನ್ನಡಕದ ಪವರ್ ಬರೆಯುವ ಚೀಟಿಯ ಹಿಂದೆ ಪ್ರಾರ್ಥನೆ ಬರೆದುಕೊಡುತ್ತಿದ್ದಳು. ಇವಳು ಅದನ್ನು ಹಾಡಿನ ಪುಸ್ತಕದೊಳಗಿಟ್ಟು ಓದುತ್ತಿದ್ದಳು. ಹೀಗೆ ಆರು ತಿಂಗಳು.

ಅವನ ಅಮ್ಮ ಮುಗಿಸಿದರು. ಗುಬ್ಬಿ ಮುಗಿಸಿದಳು. ಅವನು ಎರಡೇ ಸಾಲಿನಲ್ಲಿ ಮುಗಿಸಿ, ಒಂದು ಕಣ್ಣು ತೆರೆದು ಇವಳತ್ತ ನೋಡಿದ.

'ಕರುಣಾಸಾಗರನಾದ ತಂದೆಯೇ' ಎಂದಿತ್ತು ಚೀಟಿಯಲ್ಲಿ, ಎಂದಿನಂತೆ. ಇದನ್ನು ಓದಿದರೆ ಆ ತಾಯಿ ಇವತ್ತು ಸಂತೋಷದಿಂದ ಸೊಸೆ ಎನ್ನುತ್ತಾರೆ. ಯಾರನ್ನು? ಗುಬ್ಬಿಯ ಚೀಟಿ ಓದುವವಳನ್ನು. ಓದದಿದ್ದರೆ ಅವನು ಕೈತಪ್ಪಿ ಹೋಗುತ್ತಾನೆ. ಅವನು ಬೇಕು, ತುಂಬ ಬೇಕು. ಅದಕ್ಕೇ ಓದಲಾಗಲಿಲ್ಲ.

ಪುಸ್ತಕ ಮುಚ್ಚಿದಳು.

"ದೇವರೇ... ನನಗೆ ನಿನ್ನ ಮೇಲೆ ಕೋಪ ಇದೆ. ನಮ್ಮಮ್ಮನ್ನ ಕೇಳ್ದೆ, ನೀನು ಕೊಡ್ಲಿಲ್ಲ. ಇಲ್ಲಿ ಓದಿದ್ದೆಲ್ಲ ಗುಬ್ಬಿ ಬರೆದದ್ದು. ಇವರಿಗೆ ಸುಳ್ಳು ಹೇಳಿದೀನಿ. ಬೇರೇನೂ ಬರ್ತಿಲ್ಲ."

ಗುಬ್ಬಿ ನೆಲ ನೋಡುತ್ತಿದ್ದಳು. ಇವಳು ಎದ್ದು ಓಡಲು ಬ್ಯಾಗಿಗಾಗಿ ತಡಕಾಡಿದಳು.

"ಆಮೆನ್" ಎಂದರು ಅವನ ಅಮ್ಮ, ಎಲ್ಲರ ಪ್ರಾರ್ಥನೆಗೂ ಹೇಳುವಂತೆಯೇ. ಆಮೇಲೆ ಮೂಗೊರೆಸಿಕೊಂಡು, "ಇವರಪ್ಪ ತೀರಿಕೊಂಡ ವರ್ಷ ನಾನೂ ಹಿಂಗೇ ಜಗಳ ಆಡಿದ್ದೆ ಕಣಮ್ಮ. ಬಾಯ್ಬಿಟ್ಟು ಹೇಳೋ ಧೈರ್ಯ ಇರ್ಲಿಲ್ಲ, ಅಷ್ಟೇ. ಕೂತ್ಕೋ, ಟೀ ಇಡ್ತೀನಿ" ಎಂದರು.

ಗುಬ್ಬಿ ಅಮ್ಮನ ಹಿಂದೆಯೇ ಅಡುಗೆಮನೆಗೆ ಪರಾರಿ.

"ನಿಮಗೆ ಬೇಜಾರಾಯ್ತಾ?" ಅವಳು ತಲೆಯೆತ್ತದೆ ಕೇಳಿದಳು.

"ನನಗೆ ಮೊದಲೇ ಗೊತ್ತಿತ್ತು. ಕರುಣಾಸಾಗರ ಅಂತ ಗುಬ್ಬಿ ಬಿಟ್ರೆ ಇನ್ಯಾರು ಹೇಳ್ತಾರೆ?"

"ಗೊತ್ತಿದ್ದೂ ಸುಮ್ನೆ ಇದ್ರಾ?"

"ಹೇಳಿದ್ರೆ ನೀವು ಬರೋದು ನಿಲ್ಲಿಸ್ತಿದ್ರಿ." ಅವನ ದನಿಯಲ್ಲಿ ತಮಾಷೆ ಇರಲಿಲ್ಲ. "ಪ್ರತಿ ಬುಧವಾರ ಬೆಳಿಗ್ಗೆಯಿಂದ ನನಗೆ ಅದೇ ಭಯ."

ಆರು ತಿಂಗಳು ಹೆದರಿದ್ದು ತಾನೊಬ್ಬಳೇ ಎಂದುಕೊಂಡಿದ್ದಳು. ಅವಳಿಗೆ ಅಳು ಬಂತು, ಅದರ ಹಿಂದೆಯೇ ನಗುವೂ.

ಅವನು ಅಡುಗೆಮನೆಯತ್ತ ತಿರುಗಿ ಕೂಗಿದ. "ಅಮ್ಮಾ, ನಾನು ಇವರನ್ನ ಮದುವೆ ಆಗ್ಬೇಕು ಅಂತಿದೀನಿ!"

"ಅವಳನ್ನ ಕೇಳಿದ್ಯೇನೋ, ದಡ್ಡ?"

ಅವನ ಮುಖ ಪೆಚ್ಚಾಯಿತು. ಕೇಳಿರಲಿಲ್ಲ. ಕಿವಿಯೆಲ್ಲ ಕೆಂಪಾಗಿ ಅವಳತ್ತ ನೋಡಿದ.

"ಕೋಪ ಇನ್ನೂ ಹೋಗಿಲ್ಲ ನನಗೆ" ಎಂದಳು ಅವಳು.

"ಇರ್ಲಿ. ಕೋಪದ ಜೊತೆಗೇ ಬನ್ನಿ."

"ಬರ್ತೀನಿ" ಎಂದಳು.