ಎರಡನೆಯ ಸಲ ರಕ್ತ ಕೊಡುವ ತನಕ

ಸಕ್ಕರೆ ಕಾಯಿಲೆಯಲ್ಲೂ ಒಂದು ಸುಖವಿದೆ ಎಂದರೆ ನಗುತ್ತೀರಿ. ನಗಿ, ಅಡ್ಡಿಯಿಲ್ಲ. ಸಕ್ಕರೆಯನ್ನು ಊರಿಗೆಲ್ಲ ಹೇಳಿಕೊಳ್ಳಬಹುದು. ಟೈಲರಮ್ಮನ ಇನ್ನೊಂದು ಕಾಯಿಲೆಯನ್ನು, ಸತ್ತ ಗಂಡನಿಂದ ಬಂದ ಎಚ್‌ಐವಿಯನ್ನು, ಒಡಹುಟ್ಟಿದ ಅಕ್ಕನಿಗೂ ಹೇಳುವಂತಿರಲಿಲ್ಲ.

ಅದರ ಮಾತ್ರೆ ಕೊಡುವುದು ಆಸ್ಪತ್ರೆಯ ಹಿಂದಿನ ಕಟ್ಟಡದಲ್ಲಿ. ಅಲ್ಲಿನ ಬೆಂಚಿನಲ್ಲಿ ಯಾರೂ ತಲೆ ಎತ್ತುವುದಿಲ್ಲ, ಹೊರಗೆ ಸಿಕ್ಕರೆ ಗುರುತು ತೋರಿಸುವುದಿಲ್ಲ. ಅಲ್ಲಿಗೆ ಬರುವ ಸೈಕಲ್ ರಿಪೇರಿಯವನೊಬ್ಬನನ್ನು ಅವಳು ವರ್ಷಗಟ್ಟಲೆ ಹಾಗೆಯೇ ನೋಡಿದ್ದಳು, ಅಂದರೆ ನೋಡದ ಹಾಗೆ. ಗ್ರೀಸು ಹತ್ತಿದ ಉಗುರು, ಬಾಗಿದ ಕತ್ತು, ಅಷ್ಟೇ. ಅವನು ಬರದ ತಿಂಗಳು ಅವಳಿಗೆ ಅನ್ನ ಸೇರುತ್ತಿರಲಿಲ್ಲ.

ಇವತ್ತು ಮುಂದಿನ ಕಟ್ಟಡದ ಸಕ್ಕರೆ ವಿಭಾಗದಲ್ಲಿ ಸಂತೆಯಂಥ ಗದ್ದಲ. ಖಾಲಿ ಹೊಟ್ಟೆಯಲ್ಲಿ ರಕ್ತ ಕೊಟ್ಟಾಗಿತ್ತು. ತಿಂದು, ಎರಡು ಗಂಟೆ ಕಾದು, ಮತ್ತೆ ಕೊಡಬೇಕು.

"ನಿಮಗೂ ಸಕ್ಕರೆನಾ?"

ತಿರುಗಿದರೆ ಪಕ್ಕದಲ್ಲಿ ಅದೇ ಗ್ರೀಸಿನ ಉಗುರು!

"ಹೂಂ. ನಿಮಗೆ?"

"ಹೋದ ತಿಂಗಳಿಂದ. ಇದ್ದದ್ದು ಸಾಲದು ಅಂತ ಇದೂ ಒಂದು."

ಎದುರಿಗಿದ್ದ ಅಜ್ಜಿ ಕೇಳಿದರು, "ಹೊಸ ಪರಿಚಯವೇನ್ರಪ್ಪಾ?"

"ಈಗಷ್ಟೇ ಅಜ್ಜಿ," ಇಬ್ಬರೂ ಒಟ್ಟಿಗೆ ಅಂದರು. ಅವಳಿಗೆ ನಗು ತಡೆಯಲಾಗಲಿಲ್ಲ.

ಅವನು ಬ್ರೆಡ್ ಮುರಿದು ಅರ್ಧ ಕೊಟ್ಟ. "ಹೊಲಿಗೆ ಕೆಲಸ ಹೇಗಿದೆ?"

"ಟೈಲರ್ ಅಂತ ನಾನು ಹೇಳಲೇ ಇಲ್ವಲ್ಲ?"

"ನಿಮ್ಮ ತೋಳಿಗೆ ಯಾವಾಗ್ಲೂ ಒಂದೆಳೆ ದಾರ ಅಂಟಿರುತ್ತೆ." ಅಂದವನೇ ನಾಲಿಗೆ ಕಚ್ಚಿಕೊಂಡ.

"ಓಹೋ! ಅಂದ್ರೆ ನೀವೂ ನೋಡ್ತಿದ್ರಿ."

"ತಲೆ ಬಗ್ಗಿಸಿದ್ರೆ ಕಣ್ಣು ಮುಚ್ಚಿರುತ್ತಾ?"

ಎರಡು ಗಂಟೆ ಹೋದದ್ದೇ ತಿಳಿಯಲಿಲ್ಲ. ಮತ್ತೆ ರಕ್ತ ಕೊಟ್ಟು ಹೊರಡುವಾಗ ಅವನು ಮೆಲ್ಲಗೆ ಹೇಳಿದ, "ನಾಳಿದ್ದು ಹಿಂದಿನ ಕಟ್ಟಡ. ಅಲ್ಲಿ ಮತ್ತೆ ನಾವು ಯಾರೋ, ನೀವು ಯಾರೋ."

ಅವಳ ಮುಖ ಬಾಡಿತು. ಮನೆಯಲ್ಲಿ ಒಂದೇ ತಟ್ಟೆ, ಒಂದೇ ಲೋಟ, ಹೊಲಿಗೆ ಮಿಷನ್ನಿನ ಸದ್ದು. ಅಕ್ಕನಿಗೆ ಫೋನ್ ಮಾಡಿ, "ಸಕ್ಕರೆ ಆಸ್ಪತ್ರೇಲಿ ಒಬ್ಬರ ಪರಿಚಯ ಆಯ್ತು ಕಣಕ್ಕಾ," ಎಂದಳು. ಅವನ ವಿಷಯ ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಫೋನಿಟ್ಟ ಮೇಲೆ ಅಳು ಬಂತು. ಎದುರಿಗಿದ್ದೂ ಇಲ್ಲದವರಾಗಿ ಇನ್ನೆಷ್ಟು ದಿನ?

ನಾಳಿದ್ದು ಬಂತು. ಬೆಂಚಿನ ತುಂಬ ಬಾಗಿದ ತಲೆಗಳು, ನಡುವೆ ಅವನದೂ ಒಂದು. ಅವಳು ನೇರ ಅವನ ಮುಂದೆ ಹೋಗಿ ನಿಂತಳು.

"ಬ್ರೆಡ್ ತಂದಿದ್ದೀನಿ. ಸ್ವಲ್ಪ ಸರೀರಿ."

ಬೆಂಚಿಗೆ ಬೆಂಚೇ ತಲೆ ಎತ್ತಿತು.

"ಎಲ್ರೂ ನೋಡ್ತಿದ್ದಾರೆ," ಅವನು ಪಿಸುಗುಟ್ಟಿದ.

"ನೋಡ್ಲಿ. ಒಬ್ಬಳೇ ತಿಂದೂ ತಿಂದೂ ಸಾಕಾಗಿದೆ ನನಗೆ."

ಅವನು ಸರಿದು ಜಾಗ ಮಾಡಿದ. ಅವಳ ತೋಳಿಗೆ ಅಂಟಿದ್ದ ದಾರವನ್ನು ಎಲ್ಲರೆದುರೇ ಬಿಡಿಸಿ, ಜೇಬಿಗೆ ಹಾಕಿಕೊಂಡ.