ಐವತ್ತಾರು ದಿನದ ಉಸಿರು

ಮೆಷಿನ್ನಿನ ಮೇಲೆ ಹತ್ತೊಂಬತ್ತು ಎಂದು ಮೂಡಿದ್ದೇ ತಡ, ಮಹಾದೇವಿಯ ನಗು ಮಾಯವಾಯಿತು.

ಉಸಿರಿನಲ್ಲಿ ಹೊಗೆಯ ವಿಷ ಎಷ್ಟಿದೆಯೆಂದು ಹೇಳುವ ಮೆಷಿನ್ ಅದು. ಬೀಡಿ ಬಿಟ್ಟವರು ಊದಿದರೆ ಐದು ದಾಟುವುದು ಅಪರೂಪ.

"ಮತ್ತ ಸೇದೀರೇನ್ರಿ?"

"ಇಲ್ರಿ. ಮುಟ್ಟಲಾರದ ಐವತ್ತಾರು ದಿನ ಆತು," ಎಂದ ಈಶ್ವರ.

"ಎಲ್ಲಾರೂ ಹಂಗ ಅಂತಾರ. ಮೆಷಿನ್ ಸುಳ್ಳ ಹೇಳಂಗಿಲ್ಲ."

"ಹಂಗಾರ ನಾ ಸುಳ್ಳ ಹೇಳತೀನಿ ಅಂದಂಗಾತು."

ಅಂಧೇರಿಯ ಆ ಆಸ್ಪತ್ರೆಯಲ್ಲಿ ಎಂಫಿಸೀಮಾ, ಅಂದರೆ ಶ್ವಾಸಕೋಶ ಸವೆಯುವ ರೋಗ, ಇದ್ದವರ ಬೀಡಿ-ಸಿಗರೇಟಿನ ಚಟ ಬಿಡಿಸುವ ಅಧ್ಯಯನ ನಡೆದಿತ್ತು. ಮಹಾದೇವಿ ಅದರ ಕೋಆರ್ಡಿನೇಟರ್, ಈಶ್ವರ ಅದರ ನಲವತ್ತೇಳನೇ ನಂಬರು. ಜೋಗೇಶ್ವರಿಯ ಹಿತ್ತಾಳೆ ಎರಕದ ಯುನಿಟ್ಟಿನಲ್ಲಿ ಮಿಸ್ತ್ರಿ. ಇಬ್ಬರು ತಂಗಿಯರ ಮದುವೆ ಮಾಡುವ ಗದ್ದಲದಲ್ಲಿ ತನ್ನದನ್ನು ಮರೆತು ನಲವತ್ತಮೂರು ದಾಟಿದವನು. ಎರಡು ಮಹಡಿ ಹತ್ತಿದರೆ ಏದುಸಿರು ಬಿಡುತ್ತಿದ್ದ, ಆದರೂ ಲಿಫ್ಟ್ ಹತ್ತುತ್ತಿರಲಿಲ್ಲ. ಅಂಥ ಸ್ವಾಭಿಮಾನಿ.

"ನನ್ನ ಹೆಸರ ತಗದಬಿಡ್ರಿ ಮೇಡಂ. ಸುಳ್ಳಬುರುಕ ಅನಿಸಿಕೊಂಡು ಇಲ್ಲಿ ಕೂಡಂಗಿಲ್ಲ." ಎದ್ದು ಹೋಗೇಬಿಟ್ಟ.

ನಡುವೆ ಬಿಟ್ಟುಹೋದವರನ್ನು ಸೇದುವವರೆಂದೇ ಬರೆಯಬೇಕು, ಅದು ಅಧ್ಯಯನದ ನಿಯಮ. ಒಂದು ಗೀಟು ಎಳೆದರೆ ಅವನ ಐವತ್ತಾರು ದಿನ ನೀರಿನಲ್ಲಿ ಹೋಮ. ಪೆನ್ನು ಹಿಡಿದ ಮಹಾದೇವಿಗೆ ಕೈ ಬರಲಿಲ್ಲ. ಮೂವತ್ತೊಂಬತ್ತರ ಹೆಂಗಸು, ಇಷ್ಟು ವರ್ಷ ಯಾರಿಗೂ ಸೋಲದವಳು, ಈ ಮನುಷ್ಯ ಬರುವ ದಿನ ಮಾತ್ರ ಇಸ್ತ್ರಿ ಮಾಡಿದ ಸೀರೆ ಉಡುತ್ತಿದ್ದಳು.

ಮೇಜಿನ ಮೇಲೆ ಅವನ ಕಾರ್ಡು ಉಳಿದಿತ್ತು. ಚಟ ಎಳೆದಾಗಲೆಲ್ಲ ಏನು ಮಾಡಿದೆನೆಂದು ರೋಗಿಗಳು ಬರೆದಿಡುವ ಕಾರ್ಡು.

"ಎರಡಕ್ಕ ಎಳೀತು. ಶೇಂಗಾ ತಿಂದೆ."

"ಲೋಕಲ್‌ನಾಗ ಎಳೀತು. ಹಾಡಿದೆ. ಬಾಜೂದವ ಎದ್ದು ಹೋದ."

"ಭಾಳ ಎಳೀತು. ಮೇಡಂ ಕಣ್ಣರಳಿಸಿ ಭೇಷ್ ಅಂದದ್ದು ನೆನಸಿದೆ. ನಿಂತಿತು."

ಅವಳ ಕೆನ್ನೆ ಬಿಸಿಯಾಯಿತು. ಕೊನೆಯ ಸಾಲು ಅದೇ ಬೆಳಗಿನದು: "ಜೋರ ಮಳಿ. ಶಟರ್ ಇಳಿಸಿ ಭಟ್ಟಿ ಹಚ್ಚೀವಿ. ಎಲ್ಲಾರಿಗೂ ತಲಿನೋವು."

ಮಹಾದೇವಿ ಹಣೆ ಬಡಿದುಕೊಂಡಳು. ಭಟ್ಟಿ!

ಮರುದಿನ ಡಾಕ್ಟರನ್ನು ಕೇಳಿ, ಮೆಷಿನ್ ಹಿಡಿದು, ಮಳೆಯಲ್ಲೇ ಯುನಿಟ್ಟಿಗೆ ಹೋದಳು. ಶಟರ್ ಅರ್ಧ ಇಳಿದಿತ್ತು, ಒಳಗೆ ಇದ್ದಿಲು ಕೆಂಪಗೆ ಉರಿಯುತ್ತಿತ್ತು. ಈಶ್ವರ ನೋಡಿಯೂ ನೋಡದಂತೆ ಅಚ್ಚಿಗೆ ಮಣ್ಣು ತುಂಬುತ್ತಿದ್ದ. ಅಲ್ಲೇ ಕೆಲಸ ಮಾಡುವ, ಹುಟ್ಟಿದಾಗಿನಿಂದ ಬೀಡಿ ಮುಟ್ಟದ ಮುದುಕ ಕಾಶಪ್ಪನ ಬಾಯಿಗೆ ಅವಳು ಮೆಷಿನ್ ಕೊಟ್ಟಳು.

ಇಪ್ಪತ್ತೊಂದು.

"ಮೊದಲ ಶಟರ್ ಎತ್ತರಿ!" ಎಂದು ಗದರಿದಳು. ಗಾಳಿ ಒಳಗೆ ಬಂದ ಮೇಲೆ ಎಲ್ಲರ ಮುಂದೆ ನಿಂತಳು. "ತಪ್ಪ ನಂದು. ಭಟ್ಟಿ ಹೊಗಿ ಕುಡದವರಿಗೆ ಬೀಡಿ ಸೇದೀರಿ ಅಂದೆ. ಈಶ್ವರ ಅವರು ಒಂದ ಮಾತು ಸುಳ್ಳ ಹೇಳಿಲ್ಲ."

ಈಶ್ವರನ ಕೈ ನಿಂತಿತು. ತುಟಿಯ ಒಂದು ತುದಿ ಮಾತ್ರ ನಕ್ಕಿತು. "ಹಂಗಾರ ಭೇಷ್ ಅನ್ರಿ."

"ಭೇಷ್," ಎಂದಳು, ಕಣ್ಣರಳಿಸಿಯೇ.

"ನನಗೂ ಒಂದ ಭೇಷ್ ಅನ್ನವಾ," ಎಂದ ಕಾಶಪ್ಪ. "ನಾ ಇಪ್ಪತ್ತೊಂದ ತಂದೀನಿ."

ಈಶ್ವರ ಅಧ್ಯಯನಕ್ಕೆ ಮರಳಿದ. ಭಾನುವಾರದ ರಜೆ ಮುಗಿಸಿ, ಸೋಮವಾರ ಕೆಲಸಕ್ಕೆ ಹೋಗುವ ಮೊದಲೇ ಬಂದು ಊದಿದರೆ ಎರಡು. ಮೂತ್ರ ಪರೀಕ್ಷೆಯಲ್ಲೂ ತಂಬಾಕಿನ ಸುಳಿವಿರಲಿಲ್ಲ. ಯುನಿಟ್ಟಿಗೆ ಎರಡು ಎಕ್ಸಾಸ್ಟ್ ಫ್ಯಾನ್ ಬಂದವು.

ಆರು ತಿಂಗಳು ತುಂಬಿ ಕೊನೆಯ ಭೇಟಿಗೆ ಬಂದರೆ, ಮೆಷಿನ್ ಹಿಡಿದು ಕೂತವಳು ಇನ್ನೊಬ್ಬ ಕೋಆರ್ಡಿನೇಟರ್ ಸ್ನೇಹಲ್. ಊದಿದ. ಒಂದು. ಹೊರಗೆ ಬೆಂಚಿನ ಮೇಲೆ ಮಹಾದೇವಿ ಫಾರ್ಮ್ ಹಿಡಿದು ಕೂತಿದ್ದಳು.

"ಇವತ್ತ ನೀವ್ಯಾಕ ಊದಿಸಲಿಲ್ಲ? ಮತ್ತ ಸಂಶೇ ಬಂತೇನು?"

"ಸಂಶೇ ಅಲ್ರಿ, ಪಕ್ಷಪಾತ. ಸಂಬಂಧ ಇದ್ದವರ ಪರೀಕ್ಷಾ ನಾವು ಮಾಡೂಹಂಗಿಲ್ಲ. ಡಾಕ್ಟ್ರಿಗೆ ಬರದು ಕೊಡಬೇಕು."

"ಏನ್ ಸಂಬಂಧ?"

"ಆ ಕಾಲಂ ಖಾಲಿ ಬಿಟ್ಟೀನಿ."

ಅವನ ಮುಖದ ತುಂಟತನ ಇಳಿಯಿತು. "ಮಹಾದೇವಿ, ಹೋದ ಪುಪ್ಪುಸ ತಿರುಗಿ ಬರಂಗಿಲ್ಲ ಅಂತ ನೀವ ಹೇಳೀರಿ. ನನಗ ಅರ್ಧ ಉಸಿರ ಐತಿ."

"ಗೊತ್ತೈತಿ. ಸ್ಕ್ಯಾನ್ ನಾನ ಫೈಲಿಗೆ ಹಚ್ಚೀನಿ. ಬಿಟ್ಟವರು ಭಾಳ ಮಂದಿ ಅದಾರ, ಆದರ ತಲಿ ಎತ್ತಿ ಬಿಟ್ಟವರು ನೀವೊಬ್ಬರ. ನನಗ ಆ ಉಸಿರ ಸಾಕು."

ಈಶ್ವರ ಅವಳ ಕೈಯಿಂದ ಪೆನ್ನು ತೆಗೆದುಕೊಂಡ. ಎರಕದ ಅಚ್ಚಿಗೆ ಗುರುತು ಹಾಕುವಷ್ಟೇ ನಿಧಾನವಾಗಿ ಬರೆದು ಫಾರ್ಮ್ ತಿರುಗಿಸಿದ: "ನನ್ನ ಹೆಂಡತಿ ಆಗಾಕಿ."

ಮಹಾದೇವಿ ಓದಿ, ಕೆಳಗೆ ತನ್ನ ಸಹಿ ಹಾಕಿದಳು. ಆಮೇಲೆ ಇಬ್ಬರೂ ಲಿಫ್ಟ್ ಬಿಟ್ಟು ಮೆಟ್ಟಿಲು ಹತ್ತಿದರು, ಡಾಕ್ಟರರ ಕೋಣೆ ಮೂರನೇ ಮಹಡಿಯಲ್ಲಿತ್ತು. ಅವನು ನಿಂತಲ್ಲೆಲ್ಲ ಅವಳೂ ನಿಂತಳು.