ಜಟ್ಟ ನೆಗ್ಗು ತೆಗೆದ ದೋಣಿ

ಈ ಕತೆ ನಡೆಯುವಾಗ ನಾನು ಅಲ್ಲೇ ಇದ್ದೆ, ರಾಜನ ಪಕ್ಕದ ಕುರ್ಚಿಯಲ್ಲಿ. ಮಾಂತ್ರಿಕನ ಗಡ್ಡ ಹಿಡಿದು ಎಳೆದವನೂ ನಾನೇ. ಸುಳ್ಳು, ಬಿಡಿ. ನಾನಾಗ ಹುಟ್ಟಿಯೇ ಇರಲಿಲ್ಲ. ದೋಣಿಯೊಂದು ಮಾತ್ರ ನಿಜ.

ಬಹಳ ಹಿಂದೆ ದೊಡ್ಡದೊಂದು ಸರೋವರದ ಸುತ್ತ ಒಂದು ರಾಜ್ಯವಿತ್ತು. ನಡುನೀರಿನ ದ್ವೀಪದಲ್ಲಿ ಧೂಮಕೇಶಿ ಎಂಬ ಮಾಂತ್ರಿಕನಿದ್ದ. ಅವನು ಸಿಳ್ಳೆ ಹೊಡೆದರೆ ಮರದ ದೋಣಿಗಳು ಬೇರುಬಿಟ್ಟು ನೀರಲ್ಲೇ ಮರವಾಗುತ್ತಿದ್ದವು, ಒಳಗಿದ್ದವರು ಮೀನಾಗುತ್ತಿದ್ದರು. ಅವರನ್ನು ಬಿಡಿಸಲೆಂದು ಬೆಸ್ತರ ಬೀರಯ್ಯ ತನ್ನ ಪುಟ್ಟ ಅಲ್ಯುಮಿನಿಯಂ ದೋಣಿಯಲ್ಲಿ ಹೋದ. ದೋಣಿಗೇನೂ ಆಗಲಿಲ್ಲ. ಅವನು ಕೂತ ಹಲಗೆ ಮಾತ್ರ ಮರದ್ದು. ಸಂಜೆ ದೋಣಿ ಖಾಲಿ ತೇಲಿಬಂತು, ಹಲಗೆಯ ಮೇಲೆ ಹಸಿರೆಲೆ ಚಿಗುರಿತ್ತು.

ಏಳು ವರ್ಷ ಅದು ಹಿತ್ತಲಲ್ಲಿ ಬೋರಲು ಬಿದ್ದು ಕೋಳಿಗೂಡಾಯಿತು. ಅಷ್ಟರಲ್ಲಿ ಮಗ ಜಟ್ಟ ಬೆಳೆದ. ಅಪ್ಪನನ್ನು ಕರೆತರುತ್ತೇನೆಂದು ಕೋಳಿಗಳನ್ನು ಓಡಿಸಿ ದೋಣಿಯನ್ನು ಮಗುಚಿದ. ಒಳಗೆ ನೀರು ತುಂಬಿಸಿ, ಹೊರಗೆ ತೊಟ್ಟಿಕ್ಕಿದಲ್ಲೆಲ್ಲ ಸುಣ್ಣದ ಗೀಟು ಹಾಕಿದ. ಹದಿನೇಳು ತೂತು! ಎಲ್ಲಕ್ಕೂ ತೇಪೆ ಹಾಕಿ ಮೊಳೆ ಬಡಿದ, ರಾಳ ಮೆತ್ತಿದ. ಚಿಗುರಿದ ಹಲಗೆ ಕಿತ್ತು ತಗಡಿನದು ಕೂರಿಸಿದ. ಹುಟ್ಟನ್ನೂ ತಗಡಿನಲ್ಲೇ ಮಾಡಿದ. ಪಕ್ಕೆಗಳನ್ನು ಬೂದಿ ಹಾಕಿ ಕನ್ನಡಿಯಂತೆ ಉಜ್ಜಿದ. ಕೊನೆಗೆ ನೆಗ್ಗುಗಳಿಗೆ ಕೈಹಚ್ಚಿದ.

ಅವ್ವ ಸಣ್ಣಮ್ಮ ಬಂದು, "ದೋಣಿ ಮೂತಿಯ ನೆಗ್ಗೊಂದು ಬಿಡು ಮಗಾ," ಎಂದಳು. "ನಿಮ್ಮಪ್ಪ ಮನೆಗೆ ಬರುವಾಗ ಅಲ್ಲೇ ಮೂರು ಸಲ ಗುದ್ದುತ್ತಿದ್ದ. ಡಬ್, ಡಬ್, ಡಬ್. ನಾನು ಒಲೆ ಮೇಲೆ ಎಸರಿಡುತ್ತಿದ್ದೆ."

"ಅಪ್ಪನ್ನ ಕರೆತರೋಕೆ ಹೊರಟಿದೀನಿ ಅವ್ವಾ, ಗುಜರಿಗೆ ಹಾಕೋಕಲ್ಲ. ನೋಡಿದೋರು ಏನಂತಾರೆ?"

"ಕೋಳಿಗೂಡು ಅಂತಾರೆ. ಅನ್ನಲಿ ಬಿಡು."

ಜಟ್ಟ ನಕ್ಕು ಕೊಡತಿ ಎತ್ತಿದ. ಮೂರೇ ಏಟಿಗೆ ಮೂತಿ ನುಣುಪಾಯಿತು. ಅವ್ವ ಒಳಗೆ ಹೋದಳು.

ಬೆಳಗಾಗುತ್ತಲೇ ಜಟ್ಟ ಹೊರಟ. ಮಾಂತ್ರಿಕ ಸಿಳ್ಳೆ ಹೊಡೆದ. ದೋಣಿಯಲ್ಲಿ ಕಡ್ಡಿಯಷ್ಟೂ ಮರವಿಲ್ಲ; ಸಿಳ್ಳೆ ದಂಡ. ಸಾವಿರ ಹಲ್ಲಿನ ಮೊಸಳೆಯನ್ನು ಬಿಟ್ಟ. ಅದು ಹೊಸ ತೇಪೆ ಕಚ್ಚಿ, ಹಲ್ಲು ಉದುರಿಸಿಕೊಂಡು, ನಾಚಿ ಮುಳುಗಿತು. ಕೊನೆಗೆ ಮಾಂತ್ರಿಕ ತಾನೇ ಬಂದು ಬೆಂಕಿಯ ನೋಟ ಬೀರಿದ. ಉಜ್ಜಿದ ಪಕ್ಕೆಗೆ ಬಡಿದ ನೋಟ ತಿರುಗಿ ಅವನನ್ನೇ ಸುಟ್ಟಿತು.

"ಗೆದ್ದೆ ಅನ್ಕೋಬೇಡವೋ," ಎಂದ ಧೂಮಕೇಶಿ ಹೊಗೆಯಾಗುತ್ತ. "ಹೊತ್ತು ಮುಳುಗೋದರೊಳಗೆ ನಿನ್ನ ದೋಣಿ ಮುಟ್ಟಿದ ಮೀನು ಮನುಷ್ಯ. ಮುಟ್ಟದೇ ಉಳಿದದ್ದು ಎಂದೆಂದಿಗೂ ಮೀನೇ."

ದೋಣಿಯ ಹೊಳಪಿಗೆ ಮೀನುಗಳು ಮುಗಿಬಿದ್ದವು. ಮುಟ್ಟಿದವೆಲ್ಲ ಮನುಷ್ಯರಾದವು. ನೀರಲ್ಲಿ ನಿಂತಿದ್ದ ಮರಗಳು ಮತ್ತೆ ದೋಣಿಗಳಾಗಿ ಅವರನ್ನು ಹತ್ತಿಸಿಕೊಂಡವು.

ಒಂದು ಮೀನು ಮಾತ್ರ ದೂರ ಉಳಿಯಿತು. ಅದಕ್ಕೆ ಬೀರಯ್ಯನದೇ ಮೀಸೆ.

"ಅಪ್ಪಾ, ನಾನು ಜಟ್ಟ! ಬಾ!"

ಮೀನಿಗೆ ಮಾತು ಮರೆತಿತ್ತು. ಜೀವಮಾನವೆಲ್ಲ ಹೊಳೆಯುವ ಗಾಳ ಹಾಕಿದವನು ನೀರಿನಲ್ಲಿ ಹೊಳೆಯುವುದನ್ನು ನಂಬುತ್ತಾನೆಯೇ? ಜಟ್ಟ ದೋಣಿಯ ಮೂತಿಗೆ ಗುದ್ದಿದ. ಟಿಣ್, ಟಿಣ್, ಟಿಣ್. ಮೀನು ಆಲಿಸಿತು, ಹಿಂದೆ ಸರಿಯಿತು. ಹುಟ್ಟಿನಿಂದ ಬಡಿದು ನೆಗ್ಗಿಸಿದ. ಆ ಸದ್ದಲ್ಲ. ಮತ್ತೆ ಬಡಿದ. ಆ ಸದ್ದಲ್ಲ. ಹೊತ್ತು ಮುಳುಗಿತು.

ರಾಜ್ಯಕ್ಕೆ ರಾಜ್ಯವೇ ಹಬ್ಬ ಮಾಡಿತು. ಮನೆಮನೆಗೂ ಮನುಷ್ಯರು ಮರಳಿದ್ದರು. ಎಲ್ಲರೂ ಸುಖವಾಗಿದ್ದರು, ಒಂದು ಮನೆ ಬಿಟ್ಟು.

ಜಟ್ಟ ದಿನಾ ಅವ್ವನನ್ನು ಕೂರಿಸಿಕೊಂಡು ಹೋಗಿ ಮೂತಿಗೆ ಗುದ್ದುತ್ತಾನೆ. ಈಗಲ್ಲಿ ನೂರು ನೆಗ್ಗು. "ಇದಲ್ಲ," ಎನ್ನುತ್ತಾಳೆ ಅವ್ವ, ಒಮ್ಮೊಮ್ಮೆ, "ಹತ್ತಿರ ಬಂತು ಮಗಾ." ಮೀಸೆಯ ಮೀನು ಒಂದು ಮೊಳ ದೂರದಲ್ಲಿ ಜೊತೆಗೇ ಈಜುತ್ತದೆ. ಮುಟ್ಟಿದರೂ ಇನ್ನು ಪ್ರಯೋಜನವಿಲ್ಲ, ಇಬ್ಬರಿಗೂ ಗೊತ್ತು. ಆದರೂ ಮನೆಗೆ ಬಂದವಳೇ ಅವ್ವ ಮೂವರಿಗೆ ಎಸರಿಡುತ್ತಾಳೆ.

ನನ್ನ ಚಹಾ ಆರಿಹೋಯಿತು. ಅದರ ದುಡ್ಡು ನೀವೇ ಕೊಟ್ಟುಬಿಡಿ. ನನ್ನ ದುಡ್ಡಿನ ಚೀಲ ಆ ದೋಣಿಯಲ್ಲೇ ಉಳಿದಿದೆ.